ಆರು ವರ್ಷದ ಮಗಳನ್ನು ಯಾವುದಕ್ಕೆ ಸಿದ್ಧಗೊಳಿಸಬೇಕು?

ಅರಸೀಕೆರೆ ತಾಲ್ಲೂಕಿನ ತೆಂಗು ಬೆಳೆಗಾರರೊಬ್ಬರ ಪತ್ರ: ಊರಿನ ಸರ್ಕಾರಿ ಶಾಲೆ ಮನೆಯ ಹತ್ತಿರವೇ ಇದೆ. ಆದರೆ ನೆಂಟರೆಲ್ಲ ಮಗಳನ್ನು ಪಟ್ಟಣದ ಇಂಗ್ಲಿಷ್ ಮಾಧ್ಯಮ ಶಾಲೆಗೆ ಸೇರಿಸಿ ಎನ್ನುತ್ತಿದ್ದಾರೆ. ಶುಲ್ಕಕ್ಕೆ ಸಾಲ ಮಾಡಬೇಕು. ಎಲ್ಲ ಕೆಲಸವನ್ನೂ ಯಂತ್ರವೇ ಮಾಡುವ ಕಾಲ ಬರುತ್ತಿದೆ ಎನ್ನುವಾಗ ಅವಳನ್ನು ಯಾವುದಕ್ಕೆಂದು ಸಿದ್ಧಗೊಳಿಸಲಿ?

ಮಾನ್ಯರೇ,

ನಿಮ್ಮ ಮಗಳು ದುಡಿಯುವ ವಯಸ್ಸಿಗೆ ಬರುವಾಗ ಯಾವ ಕೆಲಸ ಇರುತ್ತದೆ, ಯಾವುದು ಇರುವುದಿಲ್ಲ ಎಂದು ಖಚಿತವಾಗಿ ಹೇಳುವವರನ್ನು ನಂಬಬೇಡಿ. ನಾನು ಪತ್ರಿಕಾ ವೃತ್ತಿಗೆ ಬಂದಾಗ ಅಚ್ಚುಮೊಳೆಗಳನ್ನು ಕೈಯಿಂದಲೇ ಜೋಡಿಸುತ್ತಿದ್ದರು. ಕನ್ನಡದ ಒತ್ತು, ಗುಣಿತಗಳಿಗೆಲ್ಲ ಬೇರೆ ಬೇರೆ ಮನೆಗಳಿದ್ದ ಪೆಟ್ಟಿಗೆಯೊಳಗೆ ನೋಡದೆಯೇ ಕೈ ಹಾಕಿ, ತಿರುಗುಮುರುಗಾದ ಅಕ್ಷರಗಳನ್ನು ಸಾಲುಗೂಡಿಸಲು ವರ್ಷಗಳ ಪಳಗು ಬೇಕಿತ್ತು. ಕಂಪ್ಯೂಟರಿನಲ್ಲೇ ಪುಟ ಜೋಡಿಸುವ ಡಿಟಿಪಿ ಬಂದ ಕೆಲವೇ ವರ್ಷಗಳಲ್ಲಿ ಆ ಕೈಚಳಕಕ್ಕೆ ಬೆಲೆ ಇಲ್ಲದಾಯಿತು. ನಮ್ಮ ಕಂಪೋಸಿಟರುಗಳಲ್ಲಿ ಉಳಿದವರು ಇಬ್ಬರೇ. ಒಬ್ಬರು ಕರಡು ತಿದ್ದುವವರಾದರು. ಇನ್ನೊಬ್ಬರು ನಲವತ್ತು ದಾಟಿದ ಮೇಲೆ ಕೀಲಿಮಣೆ ಕಲಿತು ಪುಟವಿನ್ಯಾಸಕ್ಕೆ ಕುಳಿತರು. ಇವರಿಗಿಂತ ಚುರುಕಾಗಿ ಮೊಳೆ ಜೋಡಿಸುವವರು ನಮ್ಮಲ್ಲಿ ಹಲವರಿದ್ದರು. ಆದರೆ ಇವರಿಬ್ಬರು ಜೋಡಿಸುತ್ತಿದ್ದುದನ್ನು ಓದುತ್ತಿದ್ದರು, ಲೇಖಕರ ವಾಕ್ಯ ತೊಡರಿದರೆ ನನ್ನ ಮೇಜಿನ ಬಳಿ ಬಂದು ಅರ್ಥ ಕೇಳುತ್ತಿದ್ದರು. ಈಗ ಪತ್ರ, ವರದಿ, ಲೆಕ್ಕ ಎಲ್ಲವನ್ನೂ ಕೃತಕ ಬುದ್ಧಿಮತ್ತೆ ಬರೆದುಕೊಡುವಾಗಲೂ, ಅದು ಕೊಟ್ಟ ಉತ್ತರ ಸರಿಯೋ ತಪ್ಪೋ ಎಂದು ಅಳೆಯಲು ಬೇಕಾಗುವುದು ಅದೇ ತಿಳಿವಳಿಕೆ ಎಂದು ನನಗನ್ನಿಸುತ್ತದೆ.

ಇಂಗ್ಲಿಷ್ ಬೇಕೇ ಎಂದರೆ, ಖಂಡಿತ ಬೇಕು. ಹಳ್ಳಿಯವರಿಗೆ ಕನ್ನಡದ ಉಪದೇಶ ಮಾಡಿ ತಮ್ಮ ಮಕ್ಕಳನ್ನು ಕಾನ್ವೆಂಟಿಗೆ ಕಳಿಸಿದವರ ಸಾಲಿನಲ್ಲಿ ನಿಲ್ಲಲು ನನಗೆ ಮನಸ್ಸಿಲ್ಲ. 2007ರಲ್ಲಿ ಸರ್ಕಾರಿ ಶಾಲೆಗಳ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸತೊಡಗಿದ್ದು ನ್ಯಾಯವಾದ ಕೆಲಸವೆಂದೇ ನಂಬಿದ್ದೇನೆ. ಆದರೆ ಇಂಗ್ಲಿಷ್ ಕಲಿಯುವುದು ಬೇರೆ, ಗಣಿತ, ವಿಜ್ಞಾನಗಳನ್ನೆಲ್ಲ ಇನ್ನೂ ಬಾರದ ಇಂಗ್ಲಿಷಿನಲ್ಲಿ ಕಲಿಯುವುದು ಬೇರೆ.

ಕಳೆದ ವರ್ಷ ನೆಂಟರ ಮನೆಯಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳು 'ಫೋಟೋಸಿಂಥೆಸಿಸ್' (ಗಿಡ ಬಿಸಿಲಿನಿಂದ ಆಹಾರ ತಯಾರಿಸಿಕೊಳ್ಳುವ ಕ್ರಮ) ಪಾಠವನ್ನು ಒಂದೂ ತಪ್ಪಿಲ್ಲದೆ ಒಪ್ಪಿಸಿದಳು. ಹಾಗೆಂದರೇನಮ್ಮ ಎಂದು ಕೇಳಿದೆ. ಅದೇ ಸಾಲನ್ನು ಮತ್ತೊಮ್ಮೆ ಒಪ್ಪಿಸಿದಳು. ಹಿತ್ತಿಲಲ್ಲಿ ಹಲಗೆಯ ಅಡಿ ಸಿಕ್ಕಿಕೊಂಡಿದ್ದ ಹುಲ್ಲು ಬಿಳಿಚಿಕೊಂಡಿರುವುದೇಕೆ ಎಂದು ಕನ್ನಡದಲ್ಲಿ ಕೇಳಿದಾಗ, 'ಬಿಸಿಲಿಲ್ಲವಲ್ಲ ಅಜ್ಜ, ಅದಕ್ಕೆ ಊಟವೇ ಇಲ್ಲ' ಎಂದಳು. ಪಾಠ ಅವಳಲ್ಲೇ ಇತ್ತು, ಪುಸ್ತಕಕ್ಕೂ ಅದಕ್ಕೂ ನಂಟು ಬೆಳೆದಿರಲಿಲ್ಲ. ಅದನ್ನೇ ಕನ್ನಡದಲ್ಲಿ 'ದ್ಯುತಿಸಂಶ್ಲೇಷಣೆ' ಎಂದು ಉರು ಹೊಡೆಸಿದ್ದರೂ ಇದೇ ಗತಿಯಾಗುತ್ತಿತ್ತು. ಕನ್ನಡ ಮಾಧ್ಯಮದ ಹೆಸರಿನಲ್ಲಿ ನಾವು ಮಕ್ಕಳ ಮೇಲೆ ಹೇರಿದ ಇಂಥ ಪದಗಳ ಭಾರವೂ ಕಡಿಮೆಯದಲ್ಲ.

ಮಲೇಷ್ಯಾ 2003ರಲ್ಲಿ ಜಾಗತೀಕರಣಕ್ಕೆ ಸಜ್ಜಾಗಲೆಂದೇ ಗಣಿತ, ವಿಜ್ಞಾನಗಳನ್ನು ಇಂಗ್ಲಿಷಿಗೆ ಬದಲಾಯಿಸಿ, ಹಳ್ಳಿಯ ಮಕ್ಕಳು ಹಿಂದೆ ಬೀಳುತ್ತಿರುವುದನ್ನು ಕಂಡು 2012ರಿಂದ ಹಿಂದಿರುಗತೊಡಗಿತು. ನಮ್ಮಲ್ಲಿ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆಯಲ್ಲೇ ಕಲಿಸಬೇಕೆಂದ 1994ರ ಸರ್ಕಾರಿ ಆದೇಶ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಮಾಧ್ಯಮದ ಆಯ್ಕೆ ಪೋಷಕರದೆಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹೀಗಾಗಿ ಈ ಹೊರೆ ನಿಮ್ಮ ಹೆಗಲಿಗೇ ಬಂದಿದೆ.

ಸಾಲ ಮಾಡುವ ಮೊದಲು ಎರಡೂ ಶಾಲೆಗಳಿಗೆ ಹೋಗಿ. ಕಟ್ಟಡ, ಸಮವಸ್ತ್ರ, ಬಸ್ಸುಗಳನ್ನು ಆಮೇಲೆ ನೋಡಬಹುದು. ಮೂರನೆಯ ತರಗತಿಯ ಮಗುವೊಂದರ ಪುಸ್ತಕ ತೆರೆದು, ಈ ಪುಟದಲ್ಲಿ ಏನಿದೆ, ನಿನ್ನ ಮಾತಿನಲ್ಲಿ ಹೇಳು ಎಂದು ಕೇಳಿ. ಮಕ್ಕಳು ಮೇಷ್ಟ್ರಿಗೆ ಹೆದರದೆ ಪ್ರಶ್ನೆ ಕೇಳುತ್ತಾರೆಯೇ ಎಂದು ಗಮನಿಸಿ. ಊರಿನ ಶಾಲೆಯಲ್ಲಿ ಅದು ಸಿಕ್ಕರೆ ಅಲ್ಲಿಗೇ ಸೇರಿಸಿ, ಶುಲ್ಕಕ್ಕೆಂದು ಎತ್ತಿಟ್ಟ ಹಣವೇನಾದರೂ ಇದ್ದರೆ ಅದರಲ್ಲಿ ಇಂಗ್ಲಿಷ್ ಮತ್ತು ಕನ್ನಡದ ಕಥೆ ಪುಸ್ತಕಗಳನ್ನು ತನ್ನಿ. ಸಿಗದಿದ್ದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಎದ್ದುನಿಂತು ಕೇಳಿ. ಪೋಷಕರಾಗಿ ಅದು ನಿಮ್ಮ ಹಕ್ಕು.

ಕೊಬ್ಬರಿ ಮಾರಿದ ದಿನ ಮಗಳೇ ಲೆಕ್ಕ ಕೂಡಿಸುತ್ತಾಳೆ, ತಿಪಟೂರಿನ ದರ ಈ ವಾರ ಯಾಕಪ್ಪ ಇಳಿಯಿತು ಎಂದು ಕೇಳುತ್ತಾಳೆ ಎಂದು ಪತ್ರದ ಕೊನೆಗೆ ಬರೆದಿದ್ದೀರಿ. ಆ ಪ್ರಶ್ನೆಗೆ ನೀವು ಕೊಟ್ಟ ಉತ್ತರವೇನೆಂದು ಮುಂದಿನ ಪತ್ರದಲ್ಲಿ ತಿಳಿಸಿ.

– ಸಂಪಾದಕ