ನಾಲ್ಕು ದಿನ, ನಾಲ್ಕು ಓಟ: ಡಿಸ್ನಿ ವರ್ಲ್ಡ್‌ಗೆ ಹೊರಟವರ ಪ್ರಶ್ನೆಗಳು

ಅಮೆರಿಕದ ಫ್ಲಾರಿಡಾದಲ್ಲಿರುವ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ 1994ರಿಂದ ಜನವರಿ ತಿಂಗಳಲ್ಲಿ ಮ್ಯಾರಥಾನ್ ನಡೆಯುತ್ತ ಬಂದಿದೆ. ಈಗ ಅದು ಗುರುವಾರದಿಂದ ಭಾನುವಾರದವರೆಗಿನ ಓಟದ ಹಬ್ಬ. ಅದರ ಬಗ್ಗೆ ಈ ಸಲ ಹಲವು ಪತ್ರಗಳು ಒಟ್ಟಿಗೇ ಬಂದಿವೆ. ಮಗನೋ ಮಗಳೋ ತಮ್ಮನೋ ಅಲ್ಲಿ ಕೆಲಸದಲ್ಲಿರುವ ಮನೆಗಳಿಂದಲೇ ಹೆಚ್ಚು. ಹಾಗಾಗಿ ಈ ಕಂತು ಪೂರ್ತಿ ಅದಕ್ಕೇ ಮೀಸಲು.

ಮಾಷ್ಟ್ರೇ, ನನಗೆ 41 ವರ್ಷ. ತಮ್ಮ ಫ್ಲಾರಿಡಾದಲ್ಲಿದ್ದಾನೆ. ಬರುವ ಜನವರಿಗೆ ಇಬ್ಬರೂ ಸೇರಿ ಡಿಸ್ನಿಯ ನಾಲ್ಕೂ ಓಟ ಓಡುವ ಅಂತ ಹಟ ಹಿಡಿದಿದ್ದಾನೆ. 5 ಕಿ.ಮೀ., 10 ಕಿ.ಮೀ., ಅರ್ಧ ಮ್ಯಾರಥಾನ್, ಪೂರ್ತಿ ಮ್ಯಾರಥಾನ್, ದಿನಕ್ಕೊಂದು. ನಾನು ಇಷ್ಟರವರೆಗೆ ಓಡಿದ್ದು ಹತ್ತು ಕಿಲೋಮೀಟರ್ ಮಾತ್ರ. ಆಗ್ತದಾ? ಈ ಮಳೆಯಲ್ಲಿ ಅಭ್ಯಾಸ ಮಾಡುವುದು ಹೇಗೆ?
– ಓದುಗಿ, ಬದಿಯಡ್ಕ

ನಾಲ್ಕೂ ಬೇಡ. ಈ ಜನವರಿಗೆ ಅರ್ಧ ಮ್ಯಾರಥಾನ್ ಒಂದನ್ನೇ ಗುರಿಯಾಗಿಟ್ಟುಕೊಳ್ಳಿ. ತೀರಾ ಆಸೆಯಿದ್ದರೆ ಗುರುವಾರದ 5 ಕಿ.ಮೀ. ಓಟವನ್ನು ತಮ್ಮನ ಜತೆ ಮಾತಾಡುತ್ತ ಮುಗಿಸಿ.

ನಾಲ್ಕನ್ನೂ ಓಡುವುದಕ್ಕೆ ಅಲ್ಲಿ ಡೋಪಿ ಚಾಲೆಂಜ್ ಎಂದು ಹೆಸರು. 2014ರಲ್ಲಿ ಶುರುವಾದದ್ದು. ಒಟ್ಟು 48.6 ಮೈಲಿ, ನಮ್ಮ ಲೆಕ್ಕದಲ್ಲಿ 78 ಕಿ.ಮೀ. ಶನಿವಾರ ಅರ್ಧ, ಭಾನುವಾರ ಪೂರ್ತಿ ಓಡುವ ಗೂಫಿ ಚಾಲೆಂಜ್ ಕೂಡ 63 ಕಿ.ಮೀ. ಆಗುತ್ತದೆ. ಹತ್ತು ಕಿ.ಮೀ. ಓಡಿ ಅಭ್ಯಾಸವಿರುವ ನಿಮ್ಮ ಹೃದಯ, ಶ್ವಾಸಕೋಶ ಕೆಲವು ತಿಂಗಳಲ್ಲಿ ಇದಕ್ಕೆ ಹೊಂದಿಕೊಂಡೀತು. ಮೂಳೆ ಮತ್ತು ಸ್ನಾಯುರಜ್ಜುಗಳಿಗೆ ಅಷ್ಟು ವೇಗವಿಲ್ಲ. ಕಣಕಾಲಿನ ಮೂಳೆಯಲ್ಲಿ ಸಣ್ಣ ಬಿರುಕು, ಹಿಮ್ಮಡಿ ನೋವು, ಇವೆಲ್ಲ ದೂರವನ್ನು ಅವಸರದಲ್ಲಿ ಏರಿಸಿದವರಿಗೇ ಹೆಚ್ಚಾಗಿ ಬರುವುದು.

ಇನ್ನೊಂದು ಕಾರಣ ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡದು. ಥೀಮ್ ಪಾರ್ಕಿನ ಓಟದಲ್ಲಿ ಕಾಲು ಸೋಲುವುದು ಓಡುವಾಗ ಕಡಿಮೆ, ಓಟದ ಹಿಂದೆ ಮುಂದೆ ಹೆಚ್ಚು. ನಡುರಾತ್ರಿ ಎರಡೂವರೆಗೆ ಏಳಬೇಕು, ಬಸ್ಸಿಗೆ ಕ್ಯೂ ನಿಲ್ಲಬೇಕು, ಹೊರಡುವ ಜಾಗದಲ್ಲಿ ಗಂಟೆಗಟ್ಟಲೆ ಕಾಯಬೇಕು. ಓಡಿ ಬಂದ ಮೇಲೆ ಮನೆಯವರ ಜತೆ ಸಂಜೆವರೆಗೆ ಪಾರ್ಕು ಸುತ್ತಬೇಕು. ಒಂದು ದಿನದ ಸುತ್ತಾಟದಲ್ಲಿ ಹತ್ತು-ಹದಿನೈದು ಕಿ.ಮೀ. ನಡೆದದ್ದು ಗೊತ್ತೇ ಆಗುವುದಿಲ್ಲ. ನೂರು ಚದರ ಕಿ.ಮೀ.ಗೂ ಮಿಕ್ಕಿದ ಜಾಗ ಅದು. ಕಾಸರಗೋಡು ನಗರಸಭೆಯಂಥ ಹಲವು ನಗರಸಭೆಗಳು ಅದರೊಳಗೆ ಹಿಡಿಸುತ್ತವೆ. ಓಟಕ್ಕೆಂದು ಕೂಡಿಟ್ಟ ಶಕ್ತಿಯೆಲ್ಲ ಸೋರಿಹೋಗುವುದು ಅಲ್ಲಿಯೇ.

ಅಭ್ಯಾಸವನ್ನೂ ಅದಕ್ಕೆ ತಕ್ಕಂತೆ ಮಾಡಿ. ವಾರಕ್ಕೆ ಮೂರು ಓಟ ಸಾಕು. ಶನಿವಾರ ಒಂದೂವರೆ ಗಂಟೆ ಬಿರುಸಿನ ನಡಿಗೆ, ಮರುದಿನ ಭಾನುವಾರವೇ ದೂರದ ಓಟ. ಹೀಗೆ ದಣಿದ ಕಾಲಿನಲ್ಲಿ ಓಡಿ ಅಭ್ಯಾಸವಾಗಲಿ. ಎಂಟು ಕಿ.ಮೀ.ಯಿಂದ ಶುರು ಮಾಡಿ, ವಾರಕ್ಕೆ ಒಂದೊಂದೇ ಏರಿಸಿ, ನಾಲ್ಕನೇ ವಾರ ಸ್ವಲ್ಪ ಇಳಿಸಿ. ಡಿಸೆಂಬರ್ ಮಧ್ಯದೊಳಗೆ ಒಮ್ಮೆ 19 ಕಿ.ಮೀ. ಮುಟ್ಟಿದರೆ ಅರ್ಧ ಮ್ಯಾರಥಾನ್ ನಿಮ್ಮ ಕೈಯಲ್ಲಿದೆ ಎಂದೇ ತಿಳಿಯಿರಿ. ಓಟದ ನಡುವೆ ನಡೆಯುವುದಕ್ಕೆ ಸಂಕೋಚ ಬೇಡ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದ ಜೆಫ್ ಗ್ಯಾಲೋವೇ ಓಟ-ನಡಿಗೆ-ಓಟ ಎಂಬ ಕ್ರಮವನ್ನು ಜನಪ್ರಿಯ ಮಾಡಿದರು. ಡಿಸ್ನಿ ಓಟಗಳ ತರಬೇತಿ ಪಟ್ಟಿಗಳೂ ಅವರದೇ. ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ, ಇದನ್ನು ಮೊದಲ ಕಿಲೋಮೀಟರಿನಿಂದಲೇ ಪಾಲಿಸಬೇಕು. ಸುಸ್ತಾದ ಮೇಲೆ ನಡೆಯತೊಡಗಿದರೆ ಅದರ ಲಾಭ ಸಿಗುವುದಿಲ್ಲ.

ಮಳೆಗಾಲದಲ್ಲಿ ಹೆದ್ದಾರಿ 66ರ ಸರ್ವಿಸ್ ರಸ್ತೆಗೆ ಹೋಗಲೇಬೇಡಿ. ಕತ್ತಲೆ, ನೀರು ನಿಂತ ಹೊಂಡ, ಎದುರಿನಿಂದ ಬರುವ ಲಾರಿ, ಯಾವುದನ್ನೂ ನಂಬುವ ಹಾಗಿಲ್ಲ. ಶಾಲಾ ಮೈದಾನ ಅಥವಾ ಊರೊಳಗಿನ ರಸ್ತೆ ಸಾಕು. ನಿಮ್ಮ ಕಡೆ ಏರುತಗ್ಗು ಜಾಸ್ತಿ, ಫ್ಲಾರಿಡಾ ಅಂಗೈಯಷ್ಟು ಸಮತಟ್ಟು. ಅಲ್ಲಿ ಏರು ಎಂದರೆ ಮೇಲ್ಸೇತುವೆ ಮಾತ್ರ. ಹಾಗಾಗಿ ಇಲ್ಲಿನ ಏರಿನಲ್ಲಿ ನಡೆಯಿರಿ, ಸಮತಟ್ಟಿನಲ್ಲಿ ಓಡಿ. ಬೇಕಲದ ಕಡಲತೀರ ಚಂದವೇ, ಆದರೆ ಮರಳು ಸಮುದ್ರದ ಕಡೆಗೆ ವಾಲಿರುತ್ತದೆ. ದೂರದ ಓಟಕ್ಕೆ ಸೊಂಟ, ಮೊಣಕಾಲು ಎರಡಕ್ಕೂ ಒಳ್ಳೆಯದಲ್ಲ. ಎರಡು ಜತೆ ಶೂ ಇಟ್ಟುಕೊಂಡು, ಒದ್ದೆಯಾದದ್ದರೊಳಗೆ ಹಳೆ ಪೇಪರ್ ತುರುಕಿ ಒಣಗಿಸಿ. ತುಲಾ ತಿಂಗಳಲ್ಲಿ ಗುಡುಗು ಕೇಳಿದ ಕೂಡಲೇ ಮನೆ ಸೇರಿ. ಡಿಸ್ನಿಯವರೇ 2017ರ ಜನವರಿಯಲ್ಲಿ ಸಿಡಿಲಿನ ಭಯದಿಂದ ಅರ್ಧ ಮ್ಯಾರಥಾನನ್ನು ರದ್ದು ಮಾಡಿದ್ದರು. ಸಾವಿರಾರು ಜನರಿಗೆ ನಿರಾಸೆಯಾಯಿತು, ಆದರೆ ತೀರ್ಮಾನ ಸರಿಯಾಗಿತ್ತು.

ನಮಸ್ಕಾರ್ರೀ ಸರ. ವೀಸಾ ಇನ್ನೂ ಆಗಿಲ್ಲ. ಮೊದಲ ಓಟಕ್ಕ ಹೆಸರು ಹಚ್ಚಲೋ, ವೀಸಾ ಮಾಡಿಸಲೋ?
– ಓದುಗರು, ಜತ್ತ ತಾಲ್ಲೂಕು, ಸಾಂಗಲಿ ಜಿಲ್ಲೆ

ವೀಸಾ ಮೊದಲು. ಈ ಓಟದ ಶುಲ್ಕ ಒಮ್ಮೆ ಕಟ್ಟಿದರೆ ವಾಪಸ್ ಬರುವುದಿಲ್ಲ. ಬೇರೆಯವರ ಹೆಸರಿಗೆ ಬದಲಾಯಿಸಲು, ಮುಂದಿನ ವರ್ಷಕ್ಕೆ ತಳ್ಳಲು ಬಿಡುವುದಿಲ್ಲ. ನೋಂದಣಿ ತೆರೆದ ಮೇಲೆ ಜಾಗ ಬೇಗ ಭರ್ತಿಯಾಗುತ್ತದೆ ಎಂಬುದು ನಿಜ, ಆ ಭಯದಿಂದಲೇ ಹಲವರು ದುಡ್ಡು ಕಳೆದುಕೊಳ್ಳುತ್ತಾರೆ. ಸಂದರ್ಶನದ ದಿನವೇ ಸಿಕ್ಕದಿದ್ದರೆ ಅದರ ಮುಂದಿನ ಜನವರಿಗೆ ಯೋಜನೆ ಹಾಕಿ; ಅಭ್ಯಾಸಕ್ಕೆ ಒಂದು ವರ್ಷ ಹೆಚ್ಚು ಸಿಕ್ಕಿದ ಹಾಗಾಯಿತು. ಓಟದ ನಂಬರ್ ಪಟ್ಟಿಯನ್ನು ಅಲ್ಲಿ ಖುದ್ದಾಗಿ ಗುರುತಿನ ಚೀಟಿ ತೋರಿಸಿಯೇ ಪಡೆಯಬೇಕು. ಹಾಗಾಗಿ ಪಾಸ್‌ಪೋರ್ಟಿನಲ್ಲಿರುವ ಹೆಸರನ್ನೇ ಅಕ್ಷರಶಃ ನೋಂದಣಿಯಲ್ಲೂ ಕೊಡಿ.

ದಾರಿಯಲ್ಲಿ ಮಿಕ್ಕಿ ಮೌಸ್ ಹತ್ರ ಫೋಟೊ ತೆಗೆಯಲಿಕ್ಕೆ ನಿಂತರೆ ಹಿಂದಿನಿಂದ ಬಂದವರು ಹಿಡಿದು ಬಸ್ಸಿಗೆ ಹತ್ತಿಸ್ತಾರಂತೆ. ಹೌದಾ?
– ಓದುಗರು, ಮಂಜೇಶ್ವರ

ಹಿಡಿಯುವುದೇನಿಲ್ಲ, ಬಸ್ ಮಾತ್ರ ನಿಜ. ಮೈಲಿಗೆ 16 ನಿಮಿಷ, ಅಂದರೆ ಕಿಲೋಮೀಟರಿಗೆ ಹತ್ತು ನಿಮಿಷದ ಒಳಗೆ ಸಾಗಬೇಕು ಎಂಬುದು ಅಲ್ಲಿನ ನಿಯಮ. ಎಲ್ಲರಿಗಿಂತ ಕೊನೆಗೆ ಹೊರಡುವ ಕೆಲವರು ಸರಿಯಾಗಿ ಅದೇ ವೇಗದಲ್ಲಿ ಬರುತ್ತಾರೆ. ಬಲೂನು ಕಟ್ಟಿಕೊಂಡು ಬರುವ ಇವರನ್ನು ಓಟಗಾರರೆಲ್ಲ ಬಲೂನ್ ಲೇಡೀಸ್ ಎಂದೇ ಕರೆಯುವುದು. ಅವರು ನಿಮ್ಮನ್ನು ದಾಟಿ ಮುಂದೆ ಹೋದರೆ ನಿಮ್ಮನ್ನು ಬಸ್ಸಿನಲ್ಲಿ ಮುಕ್ತಾಯದ ಜಾಗಕ್ಕೆ ಒಯ್ಯುವ ಸಂಭವವಿದೆ.

ಗಂಟೆಗೆ ಆರು ಕಿ.ಮೀ. ನಡೆಯುವವರು ಸರಿಯಾಗಿ ಗೆರೆಯ ಮೇಲೆ ನಿಂತ ಹಾಗೆ. ಅವರಿಗೆ ಶೌಚಾಲಯಕ್ಕೆ ಹೋಗಲೂ ಪುರುಸೊತ್ತಿಲ್ಲ. ನೀವು ಕಿಲೋಮೀಟರಿಗೆ ಎಂಟು ನಿಮಿಷದಲ್ಲಿ ಸಾಗಿದರೆ ಪ್ರತಿ ಕಿಲೋಮೀಟರಿಗೆ ಎರಡು ನಿಮಿಷ ಉಳಿಯುತ್ತದೆ. ಹತ್ತು ಕಿ.ಮೀ. ಮುಗಿಯುವಾಗ ಇಪ್ಪತ್ತು ನಿಮಿಷದ ಉಳಿತಾಯ ಕೈಯಲ್ಲಿರುತ್ತದೆ. ಅದರಲ್ಲಿ ಮೂರು ನಿಮಿಷದ ಕ್ಯೂ ಇರುವ ನಾಲ್ಕು ಫೋಟೊ ಧಾರಾಳವಾಗಿ ತೆಗೆಸಿಕೊಳ್ಳಬಹುದು. ಉಳಿತಾಯ ಕೂಡುವ ಮೊದಲೇ, ಆರಂಭದ ಎರಡು-ಮೂರು ಕಿಲೋಮೀಟರಿನಲ್ಲಿ ಫೋಟೊಕ್ಕೆ ನಿಲ್ಲಬೇಡಿ.

ಗುಂಪು ಗುಂಪಾಗಿ ಓಟ ಬಿಡುತ್ತಾರೆ. ಹಿಂದೆ ಓಡಿದ ಅಧಿಕೃತ ಸಮಯ ತೋರಿಸಿದವರಿಗೆ ಮುಂದಿನ ಗುಂಪು, ಏನೂ ಕೊಡದವರಿಗೆ ಹಿಂದಿನದು. ಮುಂದೆ ಹೊರಟಷ್ಟೂ ಬಲೂನಿನವರು ದೂರ. ಆದ್ದರಿಂದ ಈ ವರ್ಷವೇ ಸಮಯ ದಾಖಲಿಸುವ ಚಿಪ್ ಇರುವ ಒಂದು ಓಟ ಓಡಿ ಮುಗಿಸಿ. ಯಾವ ದೂರದ, ಎಷ್ಟು ಹಳೆಯ ಸಮಯವನ್ನು ಒಪ್ಪುತ್ತಾರೆಂಬುದು ಆಯಾ ವರ್ಷದ ನಿಯಮದಲ್ಲಿರುತ್ತದೆ, ಓದಿಕೊಂಡೇ ಓಟ ಆರಿಸಿ.

ಫೋಟೊ ತೆಗೆಸಿಕೊಳ್ಳಿ ಎಂದೇ ನಾನು ಹೇಳುವುದು. ಕತ್ತಲೆಯಲ್ಲಿ ಹೊರಟು, ಅಲ್ಲಿನ ಪಾರ್ಕುಗಳಲ್ಲೊಂದಾದ ಮ್ಯಾಜಿಕ್ ಕಿಂಗ್‌ಡಮ್‌ನ ಬೀದಿ ಹಿಡಿದು, ದೀಪದಲ್ಲಿ ಬೆಳಗುವ ಸಿಂಡರೆಲಾ ಕೋಟೆಯೊಳಗಿಂದ ಓಡಿ ಹೋಗುವುದಕ್ಕೇ ಅಲ್ಲವೇ ಅಷ್ಟು ದೂರ ಹೋಗುವುದು. ವೈಯಕ್ತಿಕ ದಾಖಲೆ ಬೇಕಿದ್ದವರಿಗೆ ಬೇರೆ ಊರಿನ ಓಟಗಳಿವೆ.

ರಾತ್ರಿಯಿಡೀ ಬಯಲಾಟ ನೋಡಿ ಬೆಳಿಗ್ಗೆ ಕೆಲಸಕ್ಕೆ ಹೋಗುವ ಜನ ನಾನು. ನಿದ್ದೆ ಕಮ್ಮಿ ಆದರೆ ತೊಂದರೆ ಉಂಟಾ? ಎಷ್ಟು ದಿನ ಮೊದಲು ಅಲ್ಲಿಗೆ ಮುಟ್ಟಬೇಕು?
– ಓದುಗರು, ಕುಂಬಳೆ

ಒಂದು ರಾತ್ರಿ ನಿದ್ದೆಗೆಟ್ಟರೆ ಓಟಕ್ಕೆ ದೊಡ್ಡ ನಷ್ಟವಿಲ್ಲ. ಓಟದ ಮುನ್ನಾದಿನ ಯಾರಿಗೂ ಸರಿಯಾಗಿ ನಿದ್ದೆ ಬರುವುದೂ ಇಲ್ಲ. ಸತತ ನಾಲ್ಕು ರಾತ್ರಿ ಹಾಗಾದರೆ ನಿಮ್ಮಂಥವರೂ ಸೋಲುತ್ತೀರಿ.

ಆದರೆ ನಮ್ಮವರಿಗೆ ಇಲ್ಲೊಂದು ಅನುಕೂಲವಿದೆ. ಜನವರಿಯಲ್ಲಿ ಫ್ಲಾರಿಡಾದ ಗಡಿಯಾರ ನಮಗಿಂತ ಹತ್ತೂವರೆ ಗಂಟೆ ಹಿಂದೆ. ಅಲ್ಲಿ ಬೆಳಗಿನ ಐದಕ್ಕೆ ಓಟ ಹೊರಡುವಾಗ ಕುಂಬಳೆಯಲ್ಲಿ ಮಧ್ಯಾಹ್ನ ಮೂರೂವರೆ. ಎರಡೂವರೆಗೆ ಏಳುವುದೆಂದರೆ ಇಲ್ಲಿನ ಮಧ್ಯಾಹ್ನ ಒಂದು ಗಂಟೆ. ಅಮೆರಿಕದವರು ಅಲಾರಾಂ ಇಟ್ಟು ನರಳುತ್ತ ಏಳುವ ಹೊತ್ತಿಗೆ ನಿಮ್ಮ ಮೈ ತಾನಾಗಿ ಎಚ್ಚರವಾಗಿರುತ್ತದೆ. ಅದನ್ನು ಕೆಡಿಸಿಕೊಳ್ಳದಿದ್ದರೆ ಸಾಕು. ಹೊಸ ಊರಿಗೆ ಹೋದ ಕೂಡಲೇ ರಾತ್ರಿ ಹತ್ತರವರೆಗೆ ಎಚ್ಚರವಿದ್ದು ಸಮಯಕ್ಕೆ ಹೊಂದಿಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ಈ ಪ್ರಯಾಣಕ್ಕೆ ಆ ಸಲಹೆ ಬೇಡ. ಸಂಜೆ ಆರೂವರೆ-ಏಳಕ್ಕೆ ನಿದ್ದೆ ತೂಗಿದರೆ ಮಲಗಿಬಿಡಿ, ನಡುರಾತ್ರಿ ಎಚ್ಚರವಾದರೆ ಎದ್ದುಬಿಡಿ. ಕೊನೆಯ ಓಟ ಮುಗಿಯುವವರೆಗೂ ರಾತ್ರಿಯ ಸಿಡಿಮದ್ದು ನೋಡಲು ಹೋಗಬೇಡಿ.

ಮೊದಲ ಓಟಕ್ಕೆ ಮೂರು-ನಾಲ್ಕು ದಿನ ಮುಂಚೆ ಮುಟ್ಟಿದರೆ ಸರಿ. ವಿಮಾನದಲ್ಲಿ ಕೂತು ಊದಿಕೊಂಡ ಪಾದ ಇಳಿಯಲು ಅಷ್ಟು ಬೇಕು. ಚಳಿಯನ್ನು ಮರೆಯಬೇಡಿ. ಅಲ್ಲಿ ಜನವರಿಯ ನಸುಕಿನಲ್ಲಿ ಹತ್ತು ಡಿಗ್ರಿಯ ಆಸುಪಾಸು ಇರುವುದು ಸಾಮಾನ್ಯ. ನಮ್ಮ ಕರಾವಳಿಯ ಮೈಗೆ ಅದು ನಡುಕವೇ. ಬಿಟ್ಟುಬರಲು ಬೇಸರವಾಗದ ಹಳೆ ಸ್ವೆಟರ್ ಹಾಕಿಕೊಂಡು ಕಾಯಿರಿ, ಹೊರಡುವ ಮುಂಚೆ ತೆಗೆದುಹಾಕಿ.

ನನಗೆ ಗಂಜಿ ಬಿಟ್ಟರೆ ಬೇರೇನೂ ಹೊಟ್ಟೆಗೆ ಹಿಡಿಸುವುದಿಲ್ಲ. ಕುಚ್ಚಲಕ್ಕಿ, ನೇಂದ್ರ ಬಾಳೆಹಣ್ಣು ಕೊಂಡುಹೋಗಬಹುದೇ?
– ಓದುಗಿ, ಮುಳ್ಳೇರಿಯ

ಎರಡೂ ಬೇಡ. ದವಸಕ್ಕೆ ಬೀಳುವ ಖಪ್ರಾ ಎಂಬ ಹುಳದ ಭಯದಿಂದ ನಮ್ಮ ದೇಶದ ಅಕ್ಕಿಯನ್ನು ಪ್ರಯಾಣಿಕರ ಚೀಲದಲ್ಲಿ ಅಲ್ಲಿಗೆ ಬಿಡುವುದಿಲ್ಲ, ತಾಜಾ ಹಣ್ಣನ್ನೂ ಬಿಡುವುದಿಲ್ಲ. ಬೇರೆ ತಿಂಡಿ ಏನಿದ್ದರೂ ಇಳಿದಾಗ ಇದೆ ಎಂದು ಹೇಳಿ. ಅಡಗಿಸಿದರೆ ದಂಡ ಬೀಳುತ್ತದೆ. ಅಲ್ಲಿನ ಭಾರತೀಯ ಅಂಗಡಿಗಳಲ್ಲಿ ಅಕ್ಕಿ ಸಿಗುತ್ತದೆ. ಹೋಟೆಲಿನಲ್ಲಿ ಗಂಜಿ ಬೇಯಿಸಲಾಗದು ಎಂಬುದಕ್ಕಾಗಿ ಬಿಳಿ ಬ್ರೆಡ್ಡು, ಬಾಳೆಹಣ್ಣು ತಿಂದು ಓಡುವುದನ್ನು ಈಗಿನಿಂದಲೇ ಭಾನುವಾರಗಳಲ್ಲಿ ರೂಢಿ ಮಾಡಿ. ಓಟದ ದಿನ ಹೊಸದಾಗಿ ಏನನ್ನೂ ತಿನ್ನಬೇಡಿ.

ನೀರು ಬಾಯಾರಿದಷ್ಟು ಸಾಕು. ದಾರಿಯಲ್ಲಿ ನೀರು ಕೊಡುವ ಪ್ರತಿ ಕಟ್ಟೆಯಲ್ಲೂ ಲೋಟಗಟ್ಟಲೆ ಬರೀ ನೀರು ಕುಡಿದರೆ ರಕ್ತದ ಸೋಡಿಯಂ ಇಳಿದು ಜೀವಕ್ಕೇ ಅಪಾಯ ಬಂದೀತು. ನಿಧಾನವಾಗಿ ಓಡುವವರಲ್ಲಿ ಇದು ಹೆಚ್ಚು. ಓಟಕ್ಕೆ ಮೊದಲು ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನುಂಗಬೇಡಿ, ಮೂತ್ರಪಿಂಡಕ್ಕೆ ಹೊಡೆತ.

ಹೆಂಡತಿ, ಇಬ್ಬರು ಮಕ್ಕಳು, ಮೊಣಗಂಟು ನೋವಿರುವ 72 ವರ್ಷದ ಅಮ್ಮ, ಎಲ್ಲರೂ ಜತೆಗಿರುತ್ತಾರೆ. ನಾನು ಓಡುವುದು ಅರ್ಧ ಮ್ಯಾರಥಾನ್. ಓಟದ ದಿನವೇ ಪಾರ್ಕಿಗೆ ಹೋಗಬಹುದೇ?
– ಓದುಗರು, ಕಾಸರಗೋಡು

ಮೊದಲು ದುಡ್ಡಿನ ವಿಷಯ. ಓಟದ ಶುಲ್ಕದಲ್ಲಿ ಪಾರ್ಕಿನ ಟಿಕೆಟ್ ಸೇರಿಲ್ಲ. ಓಡುತ್ತ ಪಾರ್ಕಿನೊಳಗೆ ಹಾದುಹೋಗುತ್ತೀರಿ ಅಷ್ಟೆ. ಆ ಟಿಕೆಟ್ ದುಬಾರಿ. ದಣಿದ ದಿನಕ್ಕೆ ಕೊಂಡು ಅರ್ಧ ದಿನದಲ್ಲಿ ಹಿಂತಿರುಗಿದರೆ ಹೊಟ್ಟೆ ಉರಿಯುತ್ತದೆ.

ಅಮ್ಮನನ್ನೂ ಮಕ್ಕಳನ್ನೂ ನಸುಕಿನಲ್ಲಿ ಎಬ್ಬಿಸಬೇಡಿ. ಓಟದ ಬೆಳಿಗ್ಗೆ ಸುತ್ತಲಿನ ಹಲವು ರಸ್ತೆಗಳು ಮುಚ್ಚಿರುತ್ತವೆ. ನೀವು ಎಲ್ಲಿದ್ದೀರೆಂಬುದು ಅವರಿಗೆ ಫೋನಿನಲ್ಲೇ ಗೊತ್ತಾಗುತ್ತದೆ. ಮುಕ್ತಾಯ ಎಪ್ಕಾಟ್ ಪಾರ್ಕಿನ ಪಕ್ಕದಲ್ಲಿ. ಬರಲೇಬೇಕೆಂದರೆ ಹೆಂಡತಿ ಒಬ್ಬರೇ ಬರಲಿ. ನೀವು ಬಂದು ಮಿಂದು, ಉಂಡು, ಮಧ್ಯಾಹ್ನ ಮಲಗಿ. ಅವರೆಲ್ಲ ಹೋಟೆಲಿನ ಈಜುಕೊಳದ ಬಳಿ ಇರಲಿ.

ಪಾರ್ಕಿನ ದಿನಗಳನ್ನು ಓಟದ ನಂತರಕ್ಕೇ ಇಟ್ಟುಕೊಳ್ಳಿ. ಅಮ್ಮನಿಗೆ ಪಾರ್ಕಿನ ಬಾಗಿಲಲ್ಲೇ ಗಾಲಿಕುರ್ಚಿ ಬಾಡಿಗೆಗೆ ಸಿಗುತ್ತದೆ. 'ನನಗೆ ನಡೆಯಲಿಕ್ಕೆ ಆಗ್ತದೆ' ಎಂದು ಅವರು ಹೇಳಿಯೇ ಹೇಳುತ್ತಾರೆ, ಆದರೂ ತೆಗೆದುಕೊಳ್ಳಿ. ಶನಿವಾರ ಓಡಿದವರಿಗೆ ತೊಡೆನೋವು ಜೋರಾಗುವುದು ಎರಡನೇ ದಿನ, ಅಂದರೆ ಸೋಮವಾರ. ಅಂದು ಕೂತು ನೋಡುವ ಪ್ರದರ್ಶನ, ದೋಣಿ ಸವಾರಿ ಇಟ್ಟುಕೊಂಡು, ಹೆಚ್ಚು ನಡೆಯಬೇಕಾದ ಅನಿಮಲ್ ಕಿಂಗ್‌ಡಮ್ಮನ್ನು ಬುಧವಾರಕ್ಕೆ ತಳ್ಳಿ.