ಕ್ಯಾಂಪರ್ ಜೋಡಿಸಿದಾಗ ಮಾತ್ರ ಟ್ರಕ್ಕಿನ ಮೀಟರ್ ಮುಳ್ಳುಗಳು ತೂಗಾಡುವುದೇಕೆ?

ರಾತ್ರಿ ಕ್ಯಾಂಪರ್ (ಟ್ರಕ್ಕಿನ ಹಿಂದೆ ಕಟ್ಟಿಕೊಂಡು ಹೋಗುವ ಗಾಲಿಮನೆ) ಎಳೆದುಕೊಂಡು ಹೋಗುವಾಗ ಬ್ರೇಕ್ ತುಳಿದೊಡನೆ ವೋಲ್ಟ್, ಇಂಧನ, ಉಷ್ಣತೆ ಈ ಮೂರೂ ಮುಳ್ಳುಗಳು ಒಟ್ಟಿಗೆ ತೂಗಾಡುತ್ತವೆ, ಕ್ಯಾಂಪರ್ ಕಳಚಿದರೆ ಎಲ್ಲವೂ ಸರಿಯಾಗುತ್ತದೆ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಬದಲಿಸಬೇಕೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಬೇಡ. ನಾನು ಅರಿಜೋನಾದಲ್ಲಿದ್ದೇನೆ, ನನ್ನದೂ ನಿಮ್ಮದರಂತೆಯೇ 1990ರ ದಶಕದ ಪಿಕಪ್, ಹಿಂದೆ ನಾಲ್ಕು ಚಕ್ರದ ಕ್ಯಾಂಪರ್. ಇದೇ ಲಕ್ಷಣ ಕಂಡು ಗ್ಯಾರೇಜಿನವರ ಮಾತಿಗೆ ಹೊಸ ಆಲ್ಟರ್ನೇಟರ್ ಹಾಕಿಸಿದೆ. ಹಣ ಹೋಯಿತು, ಮುಳ್ಳುಗಳು ಹಾಗೆಯೇ ತೂಗಾಡುತ್ತಿದ್ದವು.

ಒಂದೇ ಮುಳ್ಳು ತಪ್ಪು ತೋರಿಸಿದರೆ ಅದರ ಸೆನ್ಸರನ್ನು ಅನುಮಾನಿಸಬಹುದು. ಒಂದಕ್ಕೊಂದು ಸಂಬಂಧವಿಲ್ಲದ ಮೂರು ಮುಳ್ಳುಗಳು ಒಂದೇ ಕ್ಷಣದಲ್ಲಿ ಅಲುಗಿದರೆ ಮೊದಲು ನೋಡಬೇಕಾದದ್ದು ಅರ್ಥಿಂಗನ್ನು, ಅಂದರೆ ಕರೆಂಟು ಬ್ಯಾಟರಿಗೆ ಮರಳುವ ಹಾದಿಯನ್ನು, ನಮ್ಮೂರಿನ ಆಟೋ ಎಲೆಕ್ಟ್ರಿಷಿಯನ್‌ಗಳು ‘ಬಾಡಿ ಅರ್ಥ್’ ಎನ್ನುವುದನ್ನು. ಕ್ಯಾಂಪರಿನ ಚಕ್ರಗಳಲ್ಲಿರುವ ಎಲೆಕ್ಟ್ರಿಕ್ ಬ್ರೇಕಿನ ಒಂದೊಂದು ಕಾಂತವೂ ಸುಮಾರು 3 ಆಂಪಿಯರ್ ಎಳೆಯುತ್ತದೆ. ನಾಲ್ಕು ಚಕ್ರಗಳಿಗೆ 12, ಹಳೆಯ ಬಲ್ಬುಗಳೂ ಸೇರಿದರೆ 15 ದಾಟುತ್ತದೆ. ಆ ಕರೆಂಟೆಲ್ಲ ಕ್ಯಾಂಪರನ್ನು ಟ್ರಕ್ಕಿಗೆ ಜೋಡಿಸುವ ಏಳು ಪಿನ್ನಿನ ಪ್ಲಗ್ಗಿನ ಬಿಳಿ ತಂತಿಯಿಂದ ಟ್ರಕ್ಕಿನ ಚಾಸಿಗೂ (ಕೆಳಗಿನ ಲೋಹದ ಚೌಕಟ್ಟು), ಚಾಸಿಯಿಂದ ಬ್ಯಾಟರಿಯ ಮೈನಸ್ಸಿಗೂ ಮರಳಬೇಕು. ಈ ಎರಡನೆಯ ಹಾದಿಯಲ್ಲಿ ಕಿಲುಬು ಕಟ್ಟಿ ಬರೀ 0.1 ಓಮ್ ಅಡ್ಡಿಯಾದರೂ 1.5 ವೋಲ್ಟ್ ಅಲ್ಲೇ ಖರ್ಚಾಗುತ್ತದೆ. ಚಾಸಿಯನ್ನು ಸೊನ್ನೆಯೆಂದು ನಂಬಿ ಅಳೆಯುವ ಮೀಟರುಗಳಿಗೆ ಆ ಸೊನ್ನೆಯೇ ಮೇಲೆದ್ದರೆ ಗತಿ ಏನು?

ಪರೀಕ್ಷೆ ಸುಲಭ, ಆದರೆ ಲೋಡ್ ಇರುವಾಗಲೇ, ಅಂದರೆ ಕರೆಂಟು ಹರಿಯುತ್ತಿರುವಾಗಲೇ ಮಾಡಬೇಕು. ಒಂದೇ ಎಳೆ ಉಳಿದ ತಂತಿಯೂ ಲೋಡ್ ಇಲ್ಲದಿದ್ದಾಗ ಮಲ್ಟಿಮೀಟರಿಗೆ ಒಳ್ಳೆಯ ತಂತಿಯಂತೆಯೇ ಕಾಣುತ್ತದೆ. ಸಮತಟ್ಟಾದ ಜಾಗದಲ್ಲಿ ಚಕ್ರಗಳಿಗೆ ಅಡೆ ಕೊಟ್ಟು ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ಎಳೆದು, ಎಂಜಿನ್ ಚಾಲೂ ಮಾಡಿ, ಹೆಡ್‌ಲೈಟ್ ಹಾಕಿ, ಮನೆಯವರೊಬ್ಬರಿಗೆ ಕ್ಯಾಂಪರಿನ ಬ್ರೇಕ್ ಹಿಡಿಯಲು ಟ್ರಕ್ಕಿನೊಳಗಿರುವ ಬ್ರೇಕ್ ಕಂಟ್ರೋಲರಿನ ಕೈ ಲಿವರನ್ನು ಪೂರ್ತಿ ಒತ್ತಿ ಹಿಡಿಯಲು ಹೇಳಿ. ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೂ ಕೆಂಪು ಕಡ್ಡಿಯನ್ನು ಬಣ್ಣ ಕೆರೆದ ಚಾಸಿಗೂ ತಾಗಿಸಿ. 0.2 ವೋಲ್ಟಿಗಿಂತ ಹೆಚ್ಚು ಬಂದರೆ ಕಳ್ಳ ಸಿಕ್ಕಂತೆ. ನನ್ನದರಲ್ಲಿ 1.1 ಬಂತು. ಜಂಪರ್ ಕೇಬಲ್ಲಿನಿಂದ ಬ್ಯಾಟರಿಯ ಮೈನಸ್ಸನ್ನು (ಪ್ಲಸ್ಸನ್ನು ಖಂಡಿತ ಅಲ್ಲ) ಚಾಸಿಗೆ ಜೋಡಿಸಿದ ಕೂಡಲೇ ಮೂರೂ ಮುಳ್ಳುಗಳು ನಿಶ್ಚಲವಾಗಿ ನಿಂತವು. ಆಮೇಲೆ ಬ್ಯಾಟರಿಯಿಂದ ಚಾಸಿಗಿಳಿಯುವ ಕೇಬಲ್ ಬಿಚ್ಚಿದೆ; ಹೊರಗಿನ ಪ್ಲಾಸ್ಟಿಕ್ ಹೊಸದರಂತಿತ್ತು, ತುದಿಯ ಬಳಿ ಹಿಸುಕಿದರೆ ಒಳಗೆ ಪುಡಿ ಸಿಕ್ಕಂತೆ ಕರಕರ ಎಂದಿತು, ಸೀಳಿದರೆ ಹಸಿರು ಪುಡಿಯ ನಡುವೆ ನಾಲ್ಕೈದು ತಾಮ್ರದ ಎಳೆಗಳು. ಹೊಸ ಕೇಬಲ್ ಹಾಕಿ, ಬೋಲ್ಟ್ ಕೂರುವ ಜಾಗವನ್ನು ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿ ಮಾಡಿ ಗ್ರೀಸ್ ಸವರಿದೆ, ಅಷ್ಟೇ.

ನಿಮ್ಮಲ್ಲಿ ಚಾಸಿಯ ವೋಲ್ಟ್ ಅಳತೆ ಸರಿಯಾಗಿದ್ದು ಕ್ಯಾಂಪರಿನ ದೀಪಗಳು ಮಂಕಾಗಿ, ಇಂಡಿಕೇಟರ್ ಹಾಕಿದಾಗ ಬೇರೆ ದೀಪವೂ ಮಿಣುಕುತ್ತಿದ್ದರೆ ದೋಷ ಪ್ಲಗ್ಗಿನ ಬಿಳಿ ತಂತಿಯಲ್ಲಿರುತ್ತದೆ. ಆಗ ಕರೆಂಟು ಕ್ಯಾಂಪರನ್ನು ಸಿಕ್ಕಿಸುವ, ಗ್ರೀಸ್ ಮೆತ್ತಿದ ಹಿಚ್ ಬಾಲ್ (ಲೋಹದ ಗುಂಡು) ಮೂಲಕ ದಾರಿ ಹುಡುಕುವುದರಿಂದ ರಸ್ತೆಯ ಗುಂಡಿಗೊಮ್ಮೆ ಬೆಳಕು ಬದಲಾಗುತ್ತದೆ. ಉಳಿದ ತಂತಿಗಳ ಬಣ್ಣವನ್ನು ಮಾತ್ರ ನಂಬಬೇಡಿ. ಕ್ಯಾಂಪರುಗಳಲ್ಲಿ ಟೈಲ್ ಲ್ಯಾಂಪಿಗೆ ಹಸಿರು, ಸಾಮಾನ್ಯ ಟ್ರೇಲರುಗಳಲ್ಲಿ ಅದಕ್ಕೇ ಕಂದು ಬಳಸುವುದು ರೂಢಿ.

ಉಷ್ಣತೆಯ ಮುಳ್ಳೊಂದೇ, ಅದೂ ನಿಧಾನವಾಗಿ ಏರಿದರೆ ವೈರಿಂಗನ್ನು ದೂರಬೇಡಿ. ಫೀನಿಕ್ಸಿನಿಂದ ಫ್ಲ್ಯಾಗ್‌ಸ್ಟಾಫಿಗೆ ಹೋಗುವ ಐ-17 ಹೆದ್ದಾರಿಯಲ್ಲಿ ಬ್ಲ್ಯಾಕ್ ಕ್ಯಾನ್ಯನ್ ಸಿಟಿ ದಾಟಿದ ಮೇಲಿನ ಏರಿನಲ್ಲಿ ನನಗೂ ಹಾಗಾಗಿತ್ತು, ಅದು ನಿಜವಾದ ಶಾಖವೇ ಆಗಿತ್ತು. ಎಸಿ ಆರಿಸಿ, ವೇಗ ತಗ್ಗಿಸಿ ಸನ್‌ಸೆಟ್ ಪಾಯಿಂಟ್ ತಂಗುದಾಣದವರೆಗೆ ತಲುಪಿ, ರೇಡಿಯೇಟರಿನ ಮುಚ್ಚಳ ಮುಟ್ಟದೆ ಒಂದು ಗಂಟೆ ಕಾದೆ.