ಪೊಟ್ಯಾಸಿಯಂ ಬಾಗಲಾ ತೆಗಿಯೋ ಗುಳಿಗಿಗೆ ಎಳನೀರು ಜೋಡಿ ಬೇಕೇನ್ರಿ?

ಪ್ರಶ್ನೆ: ಅಪ್ಪಗ ಎದಿನೋವಿಗೆ ನಿಕೊರಾಂಡಿಲ್ ಗುಳಿಗಿ ಚಾಲೂ ಮಾಡ್ಯಾರ್ರಿ. ಅದು ಹಾರ್ಟಿನ ಮೈಟೊಕಾಂಡ್ರಿಯಾದಾಗಿನ (ಜೀವಕೋಶದಾಗ ಶಕ್ತಿ ತಯಾರ ಮಾಡೋ ಸಣ್ಣ ಭಾಗ) ಪೊಟ್ಯಾಸಿಯಂ ಚಾನೆಲ್, ಅಂದ್ರ ಪೊಟ್ಯಾಸಿಯಂ ಹಾಯೋ ಬಾಗಲಾ, ತೆಗಿತೈತಿ ಅಂತ ಓದೀನಿ, ಹಂಗಾದ್ರ ದಿನಾ ಪೊಟ್ಯಾಸಿಯಂ ಇರೋ ಎಳನೀರು, ಬಾಳೆಹಣ್ಣು ಕೊಟ್ರ ಇನ್ನೂ ಛಲೋ ಆಕ್ಕೈತೇನ್ರಿ? ಬಾಯಾಗ ಹುಣ್ಣೂ ಆಗ್ಯಾವ, ಅವ್ವ ರಂಜಕದ ಖಾರಕ್ಕ ಅಂತಾಳ.
– ಓದುಗರು, ಬ್ಯಾಡಗಿ

ಉತ್ತರ: ಎಳನೀರಿಂದ ಆ ಬಾಗಲಾ ತೆರೆಯೂದಿಲ್ರಿ. ನಮ್ಮ ಜೀವಕೋಶದ ಒಳಗ ರಕ್ತದಾಗ ಇರೋದಕ್ಕಿಂತ 30 ಪಟ್ಟಿಗೂ ಹೆಚ್ಚು ಪೊಟ್ಯಾಸಿಯಂ ಮೊದ್ಲ ತುಂಬಿರ್ತದ, ಮೈಟೊಕಾಂಡ್ರಿಯಾದ ಬಾಗಲದ ಮುಂದ ಅದಕ್ಕೇನು ಬರಗಾಲ ಇಲ್ಲ.

ಆ ಬಾಗಲದ ಕೀಲಿ ಎಟಿಪಿ ಕೈಯಾಗ ಅದ. ಎಟಿಪಿ ಅಂದ್ರ ಮೈಟೊಕಾಂಡ್ರಿಯಾದಾಗ ತಯಾರಾಗೋ, ಜೀವಕೋಶಕ್ಕ ಶಕ್ತಿ ಕೊಡೋ ಅಣು, ಅದು ಸಾಕಷ್ಟು ಇದ್ದಾಗ ಚಾನೆಲ್ ಮುಚ್ಚಿರ್ತದ, ರಕ್ತ ಕಮ್ಮಿಯಾಗಿ ಎಟಿಪಿ ಇಳೀತು ಅಂದ್ರ ತೆರೀತದ, ಪೊಟ್ಯಾಸಿಯಂ ಒಳಗ ಹೋಗ್ತದ, ಒಳಪೊರೆಯ ವೋಲ್ಟೇಜ್ ಸ್ವಲ್ಪ ಇಳದು ಕ್ಯಾಲ್ಸಿಯಂ ವಿಪರೀತ ನುಗ್ಗೋದು ತಪ್ಪತದ ಅಂತ ತಿಳ್ಕೊಂಡಾರ. 1986ರಾಗ ಅಮೆರಿಕಾದಾಗ ನಾಯಿಗಳ ಹಾರ್ಟಿನ ರಕ್ತನಾಳ 5 ನಿಮಿಷ ಕಟ್ಟಿ 5 ನಿಮಿಷ ಬಿಟ್ಟು, ಹಿಂಗ 4 ಸಲ ಮಾಡಿ ಆಮ್ಯಾಲೆ 40 ನಿಮಿಷ ಕಟ್ಟಿದ್ರು, ಹಂಗ ಮಾಡದ ನೇರ ಕಟ್ಟಿದ ನಾಯಿಗಳಿಗೆ ಹೋಲಿಸಿದ್ರ ಸತ್ತ ಸ್ನಾಯು ಕಾಲು ಭಾಗದಷ್ಟ ಇತ್ತು! ಮುಂದ ಡಯಾಜಾಕ್ಸೈಡ್ ಅನ್ನೋ ಔಷಧ ಹಾಕಿ, ಮೊದ್ಲ ಹಂಗ ಕಟ್ಟಿ ಬಿಡದನ ಪ್ರಾಣಿಗಳಾಗ ಅಂಥಾ ರಕ್ಷಣೆ ತಂದ್ರು, ಅದು ಈ ಚಾನೆಲ್ ತೆಗೀತದ. ನನಗ ಮನಸಿಗೆ ಹತ್ತಿದ ಮಾತು ಏನಂದ್ರ, 1991ರಾಗ ಇಲಿಯ ಯಕೃತ್ತಿನ ಮೈಟೊಕಾಂಡ್ರಿಯಾದಾಗ ಈ ಚಾನೆಲ್ಲಿನ ಕರೆಂಟ್ ಅಳದಿದ್ರೂ ಅದು ಯಾವ ಪ್ರೋಟೀನಿಂದ ಆಗೇದ ಅಂತ ಹೇಳ್ಲಿಕ್ಕೆ 2019 ಬರಬೇಕಾತು, ಇಟಲಿಯ ಪಾದುವಾದವರು ಮೈಟೊಕೆ, ಮೈಟೊಸರ್ ಅನ್ನೋ ಎರಡನ್ನ ತೋರಿಸಿದ್ರು.

ಇದನ್ನ ಓದಿ ಆಗಾಗ ಎದಿ ನೋವಾದ್ರ ಹಾರ್ಟ್ ಗಟ್ಟಿ ಆಗ್ತದ ಅಂತ ಮಾತ್ರ ತಿಳ್ಕೋಬ್ಯಾಡ್ರಿ, ನೋವು ಬಂದು ನಿಲ್ಲಲಿಲ್ಲಂದ್ರ ತಡಾ ಮಾಡದ ದವಾಖಾನಿಗೆ ಕರ್ಕೊಂಡು ಹೋಗ್ರಿ. ನಿಮ್ಮ ತಂದೆಯವರಿಗೆ ಈ ಗುಳಿಗಿಯಿಂದ ಸಿಗೋ ಆರಾಮದಾಗ ದೊಡ್ಡ ಪಾಲು ರಕ್ತನಾಳ ಸಡಿಲಾಗೋದ್ರಿಂದ, ಮೈಟೊಕಾಂಡ್ರಿಯಾದ ಕಥಿ ಹೆಚ್ಚಾಗಿ ಪ್ರಾಣಿಗಳಾಗ ಕಂಡದ್ದು.

ಕಿಡ್ನಿ ತೊಂದ್ರಿ ಇದ್ರ, ಇಲ್ಲಾ ಕೆಲವು ಬಿಪಿ ಗುಳಿಗಿ ತಗೋತಿದ್ರ ರಕ್ತದಾಗ ಪೊಟ್ಯಾಸಿಯಂ ಏರಿ ಹಾರ್ಟಿನ ಬಡಿತಾನ ಕೆಡಬಹುದು, ಅದಕ್ಕ ದಿನಾ ಎಳನೀರು ಕೊಡೋಕಿಂತ ಮೊದ್ಲ ಡಾಕ್ಟರ್ ಕಡೆ ರಕ್ತದ ರಿಪೋರ್ಟ್ ತೋರಿಸ್ರಿ. ಹಂಗ ಬಾಯಿ ಹುಣ್ಣೂ ತೋರಿಸ್ರಿ, ರಂಜಕದ ಮ್ಯಾಲೆ ಹಾಕಿ ಬಿಡಬ್ಯಾಡ್ರಿ, ನಿಕೊರಾಂಡಿಲ್‌ನಿಂದ ಬಾಯಾಗ ಹುಣ್ಣಾಗೋದು ಗೊತ್ತಿದ್ದ ಸಂಗ್ತಿ, ಆದ್ರ ಅವರನ್ನ ಕೇಳದ ಗುಳಿಗಿ ನಿಲ್ಲಸಬ್ಯಾಡ್ರಿ.